ಚಿನಾವು ಕಟ್ಟುವ ದಿನ: ಪೈವಾನ್ ಹಿರಿಯರ ಆರೈಕೆಯಲ್ಲಿ ನನ್ನ ಅನುಭವ

ತೈವಾನಿನ ದಕ್ಷಿಣಕ್ಕೆ ಪಿಂಗ್‌ಟುಂಗ್ ಮತ್ತು ತೈಟುಂಗ್ ಜಿಲ್ಲೆಗಳ ಗುಡ್ಡಗಾಡಿನಲ್ಲಿ ಪೈವಾನ್ ಜನರ ಊರುಗಳಿವೆ. ಅಲ್ಲಿ ಹಗಲು ಹೊತ್ತು ಹಿರಿಯರು ಬಂದು ಸೇರುವ ಜಾಗವೇ ‘ಸಾಂಸ್ಕೃತಿಕ ಆರೋಗ್ಯ ಕೇಂದ್ರ’. ಮೂಲನಿವಾಸಿ ಊರುಗಳಿಗೆಂದೇ 2006ರಲ್ಲಿ ಶುರುವಾದ ಯೋಜನೆ ಇದು. ತೈವಾನಿನಲ್ಲಿ ವಯಸ್ಸಿನ ಆಧಾರದ ಮೇಲೆ ದೀರ್ಘಾವಧಿ ಆರೈಕೆ ಸಿಗಲು ಉಳಿದವರಿಗೆ 65 ತುಂಬಬೇಕು, ಮೂಲನಿವಾಸಿಗಳಿಗೆ 55 ಸಾಕು. ಕೇಂದ್ರದಲ್ಲಿ ಬಿಪಿ ನೋಡುತ್ತಾರೆ, ವ್ಯಾಯಾಮ ಮಾಡಿಸುತ್ತಾರೆ, ಮಧ್ಯಾಹ್ನದ ಊಟ ಹಾಕುತ್ತಾರೆ, ಎದ್ದು ಬರಲಾಗದವರ ಮನೆಗೆ ಡಬ್ಬಿ ಕಳಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಊಟ, ಕೈಕಾಲಿನ ಬಲ ಮತ್ತು ನುಂಗುವ ತೊಂದರೆ, ಈ ಮೂರು.

ಈ ಮೂರಕ್ಕೂ ಒಟ್ಟಿಗೆ ಒದಗಿಬಂದದ್ದು ಚಿನಾವು ಎಂಬ ಎಲೆಕಡುಬು. ರಬ್ಬರ್ ಪಟ್ಟಿ ಎಳೆಯಿರಿ ಎಂದರೆ ಹತ್ತು ನಿಮಿಷಕ್ಕೆ ಕೈಬಿಡುವ ಅಜ್ಜಿಯರು, ಕೈಗೆ ಎಲೆ ಕೊಟ್ಟರೆ ಒಂದೂವರೆ ಗಂಟೆ ಕೂತಲ್ಲಿಂದ ಏಳುವುದಿಲ್ಲ. ಏಳದೆ ಇರುವುದೂ ಒಂದು ತೊಂದರೆಯೇ. ಅದನ್ನು ಹೇಗೆ ಸರಿಪಡಿಸಿದೆವು ಎಂಬುದನ್ನು ಮುಂದೆ ಹೇಳುತ್ತೇನೆ.

ಚಿನಾವು ಎಂದರೆ ಅಂಟು ನವಣೆಯೊಳಗೆ ಹಂದಿಮಾಂಸ ಇಟ್ಟು, ಎರಡು ಎಲೆಯಲ್ಲಿ ಸುತ್ತಿ, ದಾರ ಕಟ್ಟಿ ಬೇಯಿಸಿದ ಕಡುಬು. ಒಳಗಿನ ಎಲೆಯ ಹೆಸರು ಲ್ಯಾವಿಲು. ಅದನ್ನು ಕಡುಬಿನ ಜತೆಗೇ ತಿನ್ನುತ್ತಾರೆ. ಹೊರಗಿನದು ಶುಂಠಿ ಜಾತಿಯ ಗಿಡದ ಉದ್ದನೆಯ ಎಲೆ, ಪರಿಮಳಕ್ಕೆ ಮತ್ತು ಹಿಡಿತಕ್ಕೆ, ಅದನ್ನು ತಿನ್ನುವುದಿಲ್ಲ. ಅರಿಶಿನ ಎಲೆಯ ಕಡುಬು ಉಂಡವರಿಗೆ ಆ ಘಮ ತೀರಾ ಹೊಸದೆನಿಸದು.

30 ಕಡುಬಿಗೆ ನಮ್ಮ ಅಳತೆ ಹೀಗಿತ್ತು: ಅಂಟು ನವಣೆ 1 ಕಿಲೋ, ಕೊಬ್ಬು ಬೆರೆತ ಹಂದಿಮಾಂಸ 500 ಗ್ರಾಂ, ಉಪ್ಪು 8 ಗ್ರಾಂ. ನವಣೆಯನ್ನು ನಾಲ್ಕೈದು ಗಂಟೆ ನೆನೆಸಿ, ಅರ್ಧ ಗಂಟೆ ಬಸಿಯಲು ಬಿಡಬೇಕು. ನೀರು ಉಳಿದರೆ ಕಟ್ಟುವಾಗ ಎಲೆ ಜಾರುತ್ತದೆ. ಉಪ್ಪನ್ನು ಮಾಂಸಕ್ಕೆ ಮಾತ್ರ ಹಚ್ಚಬೇಕು, ನವಣೆಗೆ ಬೇಡ. ಹೀಗೆ ಮಾಡಿದರೆ ಒಂದು ಕಡುಬಿಗೆ ಕಾಲು ಗ್ರಾಂ ಚಿಲ್ಲರೆ ಉಪ್ಪು ಬೀಳುತ್ತದೆ, ನಾಲಿಗೆಗೆ ಮಾತ್ರ ಸಾಕಷ್ಟು ಎನಿಸುತ್ತದೆ. ಮೊದಲೇ ಉಪ್ಪು ಹಾಕಿಟ್ಟ ಮಾಂಸ ಯಾರಾದರೂ ಮನೆಯಿಂದ ತಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಅಂಥದ್ದನ್ನು ಒಂದು ಗಂಟೆ ನೀರಲ್ಲಿಟ್ಟು ತೊಳೆದೇ ಬಳಸುತ್ತಿದ್ದೆವು.

ಲ್ಯಾವಿಲು ಎಳೆಯದಿರಬೇಕು. ಬಲಿತದ್ದು ಬೆಂದ ಮೇಲೂ ನಾರಾಗಿ ಗಂಟಲಿಗೆ ಅಂಟುತ್ತದೆ. ಹೊರ ಎಲೆಯ ನಡುನರವನ್ನು ಚಾಕುವಿನಿಂದ ಹೆರೆದು, ಬಿಸಿನೀರಲ್ಲಿ ಅದ್ದಿ ಬಾಡಿಸಿದರೆ ಮಡಚುವಾಗ ಸೀಳುವುದಿಲ್ಲ. ಕಟ್ಟು ತೀರಾ ಬಿಗಿಯಾದರೆ ನವಣೆ ಅರಳಿ ಎಲೆ ಒಡೆಯುತ್ತದೆ, ಸಡಿಲವಾದರೆ ನೀರು ಹೊಕ್ಕು ಅಂಬಲಿಯಾಗುತ್ತದೆ. ಕಟ್ಟಿದ ಮೇಲೆ ದಾರದ ಕೆಳಗೆ ಕಿರುಬೆರಳ ತುದಿ ತೂರಿದರೆ ಹದ ಸರಿಯಿದೆ ಎಂದು ಲೆಕ್ಕ. ಕುದಿಯುವ ನೀರಿಗೇ ಹಾಕಿ, ಮೇಲೊಂದು ತಟ್ಟೆ ಹೇರಿ, ಒಂದು ಗಂಟೆ ಬೇಯಿಸಬೇಕು. ತಣ್ಣೀರಿಗೆ ಹಾಕಿ ಒಲೆ ಹೊತ್ತಿಸಿದರೆ ಹೊರಗಡೆ ಕರಗುತ್ತದೆ, ಒಳಗಡೆ ಕಾಳು ಕಾಳಾಗೇ ಉಳಿಯುತ್ತದೆ.

ಇನ್ನು ಇದರೊಳಗಿನ ವ್ಯಾಯಾಮ. ಕೆಲಸವನ್ನು ಐದು ತುಂಡು ಮಾಡಿದೆವು: ಎಲೆ ಒರೆಸುವುದು, ಹಾಸುವುದು, ನವಣೆ ಮತ್ತು ಮಾಂಸ ಇಡುವುದು, ಮಡಚುವುದು, ಕಟ್ಟುವುದು. ಕೈ ನಡುಗುವವರಿಗೆ ಒರೆಸುವ ಕೆಲಸ. ಪಾರ್ಶ್ವವಾಯು ಬಡಿದು ಒಂದೇ ಕೈ ಆಡುವವರೂ ಕಟ್ಟಬಲ್ಲರು: ದಾರದ ಒಂದು ತುದಿಯನ್ನು ಭಾರದ ಕಲ್ಲಿನಡಿ ಸಿಕ್ಕಿಸಿ, ಕಡುಬಿನ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಜಾರುವುದಿಲ್ಲ. ಕಲ್ಲಿಗೆ ಬರವಿಲ್ಲ, ಪೈವಾನರ ಹಳೆಯ ಮನೆಗಳೇ ಹಾಸುಗಲ್ಲಿನವು.

ಎಲೆಗಳನ್ನು ಕೂತವರ ಮೇಜಿನ ಮೇಲಿಡದೆ ಮೂರು ಮೀಟರ್ ಆಚೆಯ ಬೇರೆ ಮೇಜಿನ ಮೇಲಿಟ್ಟೆವು. ಒಂದು ಸಲಕ್ಕೆ ಎರಡು ಕಡುಬಿಗಾಗುವಷ್ಟೇ ತರಬೇಕು. ಎಂಟು ಕಟ್ಟುವವರು ನಾಲ್ಕು ಸಲ ಎದ್ದು ಕೂರಲೇಬೇಕು. ಕುರ್ಚಿಯ ಎತ್ತರ 43ರಿಂದ 45 ಸೆಂಟಿಮೀಟರ್, ಗೋಡೆಗೆ ಒರಗಿಸಿಟ್ಟದ್ದು. ಕೆಳಗೆ ಬಿದ್ದ ಎಲೆ, ಚೆಲ್ಲಿದ ನೀರು ಒರೆಸಲೆಂದೇ ಒಬ್ಬರು. ನಿಜವಾದ ಅಡ್ಡಿ ಬಂದದ್ದು ಸೌಜನ್ಯದಿಂದ. ಹಿರಿಯರು ಎದ್ದು ಓಡಾಡುವಾಗ ಕಿರಿಯರು ಸುಮ್ಮನೆ ಕೂರುವುದು ಅಲ್ಲಿ ಸಲ್ಲದು. ಯಾರೋ ಒಬ್ಬ ಸೊಸೆ ಓಡಿ ಬಂದು ಇಡೀ ಕಟ್ಟು ಎಲೆಯನ್ನು ಅಜ್ಜಿಯ ಮುಂದೆ ಇಡುತ್ತಾಳೆ, ಅಲ್ಲಿಗೆ ವ್ಯಾಯಾಮ ಮುಗಿಯಿತು. ಬುದ್ಧಿ ಹೇಳಿ ಫಲವಿಲ್ಲ. ಕಿರಿಯರಿಗೆ ಒಲೆಯ ಕೆಲಸ, ಪಾತ್ರೆ ಎತ್ತುವ ಕೆಲಸ ಕೊಟ್ಟು ಹೊರಗಿಟ್ಟರೆ ಇಬ್ಬರ ಮಾನವೂ ಉಳಿಯುತ್ತದೆ.

ಮೂರು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತಿದ್ದೆವು. ಕೈಹಿಡಿತ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ, ಅಥವಾ ಕೈಯೂರದೆ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಆದರೆ ಸ್ನಾಯು ಸೊರಗುತ್ತಿದೆಯೇ ಎಂದು ನೋಡಬೇಕು. ಏಷ್ಯಾದವರಿಗಾಗಿ 2019ರಲ್ಲಿ ಪರಿಷ್ಕರಿಸಿದ ಅಳತೆ ಇದು. ನನಗೆ ಮಾತ್ರ ಮೀಟರಿಗಿಂತ ಕಡುಬಿನ ಮೇಲೆ ನಂಬಿಕೆ ಜಾಸ್ತಿ. ಯಾವತ್ತೂ ಗಟ್ಟಿಯಾಗಿ ಕಟ್ಟುವವರ ಕಡುಬು ಸತತ ಎರಡು ವಾರ ಬಿಚ್ಚಿಕೊಂಡರೆ ಆ ಕೈಯನ್ನು ಕೂಡಲೇ ನೋಡುತ್ತಿದ್ದೆವು.

ಅಪಾಯ ಇರುವುದು ತಿನ್ನುವಾಗ. ಅಂಟು ನವಣೆ ಬಿಸಿಯಿದ್ದಾಗ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಹಲ್ಲಿಲ್ಲದವರಿಗೆ ಎರಡೂ ಕಷ್ಟ. ನುಂಗುವ ತೊಂದರೆ ತಿಳಿಯಲು ಹತ್ತು ಪ್ರಶ್ನೆಗಳ ಈಟ್-10 ಪಟ್ಟಿ ಬಳಸುತ್ತಿದ್ದೆವು. ಒಟ್ಟು ಅಂಕ 3 ಅಥವಾ ಹೆಚ್ಚು ಬಂದವರಿಗೆ ಚಿನಾವು ಕೊಡುವುದಿಲ್ಲ. ಸಣ್ಣಗೆ ಕತ್ತರಿಸಿ ಕೊಟ್ಟರಾಯಿತು ಎಂದುಕೊಳ್ಳುವುದು ತಪ್ಪು, ಅಂಟು ಎಷ್ಟು ಸಣ್ಣದಾದರೂ ಅಂಟೇ. ತೊಂದರೆ ಇಲ್ಲದಿದ್ದರೂ ಹಲ್ಲು ಕಡಿಮೆ ಇರುವವರಿಗೆ ಅರ್ಧ ನವಣೆ ತೆಗೆದು ಬೇಯಿಸಿ ನುರಿದ ಕೆಸುವಿನ ಗೆಡ್ಡೆ ಸೇರಿಸುತ್ತಿದ್ದೆವು. ಕೆಸು ಬೆರೆತರೆ ಎಳೆತ ಕಡಿಮೆಯಾಗುತ್ತದೆ.

ಚಿನಾವು ತಪ್ಪಿದವರಿಗೆ ಪಿನುಲ್ಯಾಚೆಂಗಾನ್, ಅಂದರೆ ಸೊಪ್ಪು ತರಕಾರಿ ಹಾಕಿದ ಗಟ್ಟಿ ಗಂಜಿ. ಹತ್ತು ಜನಕ್ಕೆ ನವಣೆ 300 ಗ್ರಾಂ, ನೀರು ಮೂರು ಲೀಟರ್, ಸಿಹಿಗುಂಬಳ 600 ಗ್ರಾಂ, ಗೆಣಸಿನ ಸೊಪ್ಪು 400 ಗ್ರಾಂ. ಮುಕ್ಕಾಲು ಗಂಟೆ ಸಣ್ಣ ಉರಿ; ತಳ ಹಿಡಿಯುವ ಗಂಜಿ ಇದು, ಕೈಬಿಡದೆ ತಿರುವಬೇಕು. ಮಾಂಸವನ್ನು ನಾಲ್ಕು ಮಿಲಿಮೀಟರಿಗಿಂತ ದಪ್ಪವಿಲ್ಲದಂತೆ ಕೊಚ್ಚಿ ಹಾಕಬೇಕು. ಮೂತ್ರಪಿಂಡದ ಕಾಯಿಲೆಯವರಿಗೆ ಸೊಪ್ಪು ಬೇಯಿಸಿದ ನೀರು ಚೆಲ್ಲಿ ಬೇರೆ ಪಾತ್ರೆಯಲ್ಲಿ ಮಾಡಬೇಕು, ಪೊಟ್ಯಾಸಿಯಂ ಇಳಿಯಲಿ ಎಂದು. ಯೂರಿಕ್ ಆಮ್ಲದ ಗಂಟುನೋವು ಅಲ್ಲಿ ಬಹಳ ಮಂದಿಗೆ ಇರುವುದರಿಂದ ಮಾಂಸ ಬೇಯಿಸಿದ ಸಾರನ್ನು ಗಂಜಿಗೆ ಸುರಿಯುವುದಿಲ್ಲ. ಎಲ್ಲರೂ ಎಲೆ ಬಿಚ್ಚುತ್ತಿರುವಾಗ ಒಬ್ಬರ ಮುಂದೆ ಪ್ಲಾಸ್ಟಿಕ್ ಬಟ್ಟಲಲ್ಲಿ ಗಂಜಿ ಇಟ್ಟರೆ ಅವರು ಊಟವನ್ನೇ ಮುಟ್ಟದಿರಬಹುದು. ಬಟ್ಟಲಿಗೆ ಹೊರ ಎಲೆ ಹಾಸಿ ಬಿಸಿ ಗಂಜಿ ಬಡಿಸಿದಾಗ ಘಮ ಒಂದೇ ಆಯಿತು, ಜಗಳ ತೀರಿತು. ಮನೆಗೆ ಹೋಗುವ ಡಬ್ಬಿಯ ಚಿನಾವು ದಾರಿಯಲ್ಲೇ ಗಟ್ಟಿಯಾಗುತ್ತದೆ, ಹತ್ತು ನಿಮಿಷ ಹಬೆಯಲ್ಲಿಟ್ಟು ಕೊಡಿ ಎಂದು ಮುಚ್ಚಳದ ಮೇಲೆ ಚೀಟಿ ಅಂಟಿಸಬೇಕು.

ಮನೆಗೆ ಹೋದಾಗ ಯಾರ ಜತೆ ಮಾತಾಡಬೇಕು ಎಂಬುದು ಬೇರೆಯೇ ವಿಷಯ. ಪೈವಾನರಲ್ಲಿ ಮನೆ ಹೋಗುವುದು ಹಿರಿಯ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ. ಅವರನ್ನು ವುಸಾಮ್ ಎನ್ನುತ್ತಾರೆ. ನವಣೆಯ ಬಿತ್ತನೆ ಬೀಜಕ್ಕೂ ಅದೇ ಹೆಸರು. ತಂದೆತಾಯಿಯ ಜವಾಬ್ದಾರಿ, ಕೊನೆಯ ಮಾತು ಅವರದೇ. ಆದರೆ ವುಸಾಮ್ ಕಾವೋಸಿಯುಂಗ್ ಪಟ್ಟಣದಲ್ಲಿ ಕೆಲಸದಲ್ಲಿದ್ದು, ದಿನವೂ ಡೈಪರ್ ಬದಲಿಸುವವರು ತಂಗಿಯೋ ಇಂಡೋನೇಷ್ಯಾದ ಆರೈಕೆ ಕೆಲಸದವರೋ ಆಗಿರಬಹುದು. ಹಾಗಾಗಿ ಕಾರ್ಡಿನಲ್ಲಿ ಎರಡು ಫೋನ್ ನಂಬರು: ಒಪ್ಪಿಗೆಗೆ ಒಂದು, ಔಷಧಿಯ ಹೊತ್ತಿಗೆ ಒಂದು. ಒಂದೇ ನಂಬರು ಬರೆದುಕೊಂಡಿದ್ದಾಗ ತೀರ್ಮಾನ ಒಬ್ಬರ ಬಳಿ, ಮಾಹಿತಿ ಇನ್ನೊಬ್ಬರ ಬಳಿ ಉಳಿದು ದಿನಗಳು ಕಳೆದವು.

ಕಸೂತಿಯನ್ನೂ ಬೆರಳಿನ ವ್ಯಾಯಾಮವಾಗಿ ಇಟ್ಟುಕೊಂಡಿದ್ದೆವು. ಅಲ್ಲಿ ಕಲಿತದ್ದು ಇಷ್ಟು: ನೂರು ಹೆಜ್ಜೆ ಹಾವು ಎಂದು ಹೆಸರಾದ ವಿಷಸರ್ಪದ ಚಿತ್ರ, ಮನುಷ್ಯನ ತಲೆಯ ಚಿತ್ರ ಇವೆಲ್ಲ ಮುಖಂಡರ ಮನೆತನದ ಹಕ್ಕು. ಮಾದರಿ ಹಾಳೆಗಳನ್ನು ಜೆರಾಕ್ಸ್ ಮಾಡಿ ಎಲ್ಲರಿಗೂ ಹಂಚಿದರೆ ಅರ್ಧ ಜನ ಸೂಜಿ ಮುಟ್ಟುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಮೊದಲು ಮಾದರಿಗಳನ್ನು ಮುಖಂಡರ ಮನೆಗೆ ಒಯ್ದು ತೋರಿಸಬೇಕು.

ಎಲೆಅಡಿಕೆಯ ಮಾತು ಬಿಡುವಂತಿಲ್ಲ. ಹಸಿ ಅಡಿಕೆ, ಸುಣ್ಣ ಕೊಡುವುದು ಅಲ್ಲಿ ಮರ್ಯಾದೆ. ಹಲ್ಲಿಲ್ಲದ ಅಜ್ಜಿಯರು ನಮ್ಮ ಕುಟ್ಟಾಣಿಯಂಥದ್ದರಲ್ಲೇ ಕುಟ್ಟಿ ಹಾಕಿಕೊಳ್ಳುತ್ತಾರೆ. ಅಡಿಕೆ ಕ್ಯಾನ್ಸರ್ ತರುವ ವಸ್ತುವೆಂದು 2004ರಲ್ಲೇ ಘೋಷಣೆಯಾಗಿದೆ. ಬಿಡಿ ಎಂದು ಭಾಷಣ ಮಾಡದೆ, ಊಟಕ್ಕೆ ಮುಂಚೆ ಬಾಯಿ ತೊಳೆಸುವ ನೆಪದಲ್ಲಿ ಟಾರ್ಚ್ ಹಿಡಿದು ನೋಡುತ್ತಿದ್ದೆವು: ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಮೂರು ಬೆರಳು ಹಿಡಿಯದ ಬಾಯಿ. ಯಾವುದು ಕಂಡರೂ ಬಾಯಿ ತಪಾಸಣೆಗೆ ಕಳಿಸುವುದೇ.

ಊರಲ್ಲಿ ಸಾವಾದರೆ ಹಾಡು, ಕುಣಿತ ನಿಲ್ಲುತ್ತವೆ. ಎಷ್ಟು ದಿನ ಎಂಬುದು ಸತ್ತವರ ಮನೆತನ ನೋಡಿಕೊಂಡು. ಹಾಡಿನ ತಾಳಕ್ಕೆ ಮಾಡಿಸುವ ವ್ಯಾಯಾಮ ಆಗ ಸಲ್ಲದು. ಮೂಗಿನಿಂದ ಊದುವ ಜೋಡಿ ಕೊಳಲನ್ನು ಉಸಿರಿನ ವ್ಯಾಯಾಮಕ್ಕೆ ಬಳಸೋಣ ಎಂದು ಹೊರಗಿನಿಂದ ಬಂದವರು ಸೂಚಿಸುವುದುಂಟು. ಅದು ಅನೇಕ ಊರುಗಳಲ್ಲಿ ಶೋಕದ ವಾದ್ಯ, ಮುಟ್ಟದಿರುವುದೇ ವಾಸಿ. ಅಂಥ ದಿನಗಳಿಗೆಂದು ನಾವು ಬೇರೆ ಪಟ್ಟಿ ಇಟ್ಟಿದ್ದೆವು: ಕೆಸುವಿನ ಗೆಡ್ಡೆ ಸುಲಿಯುವುದು, ಎಲೆ ಒರೆಸುವುದು, ಎಣಿಕೆ ಮೆಲುದನಿಯಲ್ಲಿ. ಸ್ಪೀಕರಿನ ಪ್ಲಗ್ ಕಿತ್ತು ಬೀರುವಿನಲ್ಲಿಡುತ್ತಿದ್ದೆವು, ಮರೆತು ಯಾರೂ ಒತ್ತದಿರಲಿ ಎಂದು.