ಹಳೇ ನಾಣ್ಯದ ಬೆಲೆ ಅಳೆಯಲು ನಾನು ಕಲಿತದ್ದು

ನಾನು ನಾಣ್ಯ ಕೂಡಿಡುತ್ತೇನೆ ಅಂತ ಗೊತ್ತಾದವರು ಮೊದಲು ಕೇಳುವುದು ಒಂದೇ: "ವೈಷ್ಣೋದೇವಿ ಚಿತ್ರದ 5 ರೂಪಾಯಿ ಮನೇಲಿದೆ, ಎಷ್ಟು ಲಕ್ಷ ಬರ್ತದೆ?" ಲಕ್ಷ ಬರುವುದಿಲ್ಲ. ಮೊಬೈಲಿನಲ್ಲಿ ಓಡಾಡುವ ಜಾಹೀರಾತು ನಂಬಿ ಯಾರಿಗೂ ಮುಂಗಡ ಕಮಿಷನ್ ಕಳಿಸಬೇಡಿ. ತನ್ನ ಹೆಸರು ಹೇಳಿ ಹೀಗೆ ದುಡ್ಡು ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ನಾಣ್ಯ ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಅಂಥದ್ದು ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ನಿಮ್ಮ ಕೈಲಿರುವುದು ಎಷ್ಟು ಸವೆದಿದೆ, ಇಷ್ಟೇ ಲೆಕ್ಕ. 1862ರ ವಿಕ್ಟೋರಿಯಾ ರೂಪಾಯಿ ಕಂಡ ಕೂಡಲೇ ಜನ ಹಿಗ್ಗುತ್ತಾರೆ, ಆದರೆ ಅದೇ 1862 ಇಸವಿ ಹಾಕಿ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಟಂಕಿಸಿದ್ದರು, ಹಾಗಾಗಿ ಅದು ಎಲ್ಲ ಕಡೆ ಸಿಗುತ್ತದೆ. ಅದಕ್ಕಿಂತ ಎಷ್ಟೋ ಈಚಿನ 1911ರ ಐದನೇ ಜಾರ್ಜ್ ರೂಪಾಯಿಗೆ ಬೇಡಿಕೆ ಹೆಚ್ಚು. ರಾಜನ ಮೈಮೇಲಿನ ಸರದಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಅಂತ ಗಲಾಟೆಯಾಯಿತು, ಸರ್ಕಾರ ಬಹುಪಾಲು ನಾಣ್ಯ ಕರಗಿಸಿತು. ಉಳಿದವನ್ನು ಸಂಗ್ರಾಹಕರು ಈಗಲೂ 'ಹಂದಿ ರೂಪಾಯಿ' ಅಂತಲೇ ಕರೆಯುತ್ತಾರೆ.

ಕಾರವಾರದಲ್ಲಿ ಪರಿಚಯದ ಶೇಟರ ಚಿನ್ನ-ಬೆಳ್ಳಿ ಅಂಗಡಿ ನನಗೆ ಶಾಲೆಯಿದ್ದಂತೆ. ಅವರು ರೂಪಾಯಿಯನ್ನು ತಕ್ಕಡಿಗೆ ಹಾಕುತ್ತಾರೆ, 11.66 ಗ್ರಾಂ ಹತ್ತಿರ ಇದ್ದರೆ ಅಂಚಿನ ಗೀರುಗಳನ್ನು ಉಗುರಿನಿಂದ ಸವರುತ್ತಾರೆ, "ಬೆಳ್ಳಿ ರೇಟಿಗೆ ತಗೊಳ್ತೆ" ಅನ್ನುತ್ತಾರೆ. ಅವರ ಲೆಕ್ಕ ಅಲ್ಲಿಗೆ ಮುಗಿಯಿತು, ನಮ್ಮದು ಅಲ್ಲಿಂದ ಶುರು. ಹಳೇ ಬೆಳ್ಳಿ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ, 1940ರ ಹೊತ್ತಿಗೆ ಅದು 50ಕ್ಕೆ ಇಳಿಯಿತು. ತೂಕ ಮಾತ್ರ ಅದೇ ಉಳಿಯಿತು, ಅದಕ್ಕೇ ಇಸವಿ ನೋಡದೆ ತೂಗುವುದರಲ್ಲಿ ಅರ್ಥವಿಲ್ಲ. ಹುಲಿ ಇರುವ 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿಯಿರಿ, ಪಟ್ಟನೆ ಅಂಟಿಕೊಳ್ಳುತ್ತದೆ. 1939ರ ರೂಪಾಯಿ ಅಂತ ಯಾರಾದರೂ ತಂದರೆ ಇನ್ನೂ ಹುಷಾರು. ಅದು ನಿಜಕ್ಕೂ ಅಪರೂಪ, ಅದಕ್ಕೇ ನಕಲಿಯೂ ಜಾಸ್ತಿ.

ಹೊಸ ನಾಣ್ಯದಲ್ಲಿ ಇಸವಿಯ ಕೆಳಗಿನ ಟಂಕಸಾಲೆಯ ಗುರುತು ನೋಡುವ ಅಭ್ಯಾಸ ಮಾಡಿಕೊಳ್ಳಿ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ.

ನಮ್ಮ ಕಡೆಯ ದೊಡ್ಡ ಲಾಭ ಅಂದರೆ ಗೋವಾ. 1961ರವರೆಗೆ ಗಡಿಯ ಮಾಜಾಳಿ ಊರು ದಾಟಿದರೆ ಪೋರ್ಚುಗೀಸರ ದುಡ್ಡು ನಡೆಯುತ್ತಿತ್ತು, ಹಾಗಾಗಿ ಕಾರವಾರದ ಹಳೇ ಮನೆಗಳ ಡಬ್ಬಿಯಲ್ಲಿ ಆಣೆ, ತೂತಿನ ಕಾಸಿನ ಜೊತೆ ಗೋವಾದ ಟಂಗಾ, ರುಪಿಯಾ, ಆಮೇಲೆ ಬಂದ ಎಸ್ಕುಡೋಗಳೂ ಬೆರೆತಿರುತ್ತವೆ. ಒಂದು ರುಪಿಯಾಕ್ಕೆ 16 ಟಂಗಾ, ನಮ್ಮ 16 ಆಣೆಯ ಹಾಗೇ. 'ಇಂಡಿಯಾ' ಅನ್ನುವ ಪೋರ್ಚುಗೀಸ್ ಬರಹ ಕಂಡರೆ ಬದಿಗೆ ತೆಗೆದಿಡಿ. ನನಗೆ ಇವು ಎಲ್ಲಕ್ಕಿಂತ ಇಷ್ಟ, ಯಾಕಂದರೆ ಗಡಿಯಾಚೆ ಈಚೆ ನಡೆದ ವ್ಯಾಪಾರ ಆ ಡಬ್ಬಿಯಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ ಕೈಮುಗಿದು ಹೇಳುತ್ತೇನೆ: ತೊಳೆಯಬೇಡಿ. ಶಿರಸಿ ಕಡೆಯ ನೆಂಟರ ಮನೆಯಲ್ಲಿ ಲಕ್ಷ್ಮೀಪೂಜೆಗೆ ಇಡುವ ರೂಪಾಯಿಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ರಾಣಿಯ ಕಣ್ಣು, ಮೂಗು ಎಲ್ಲ ಸಪಾಟಾಗಿದೆ. ಫಳಫಳ ಹೊಳೆಯುತ್ತದೆ ನಿಜ, ಆದರೆ ಸಂಗ್ರಾಹಕರು ಅದಕ್ಕೆ ಬೆಳ್ಳಿಯ ಬೆಲೆಯಷ್ಟೇ ಕೊಡುತ್ತಾರೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯದ ಕಥೆಯೂ ಅಷ್ಟೇ. ಬೆಳ್ಳಿಯ ಮೇಲೆ ವರ್ಷಗಟ್ಟಲೆ ಕೂತ ಕಪ್ಪು ಪದರವೇ ನಾಣ್ಯಕ್ಕೆ ರಕ್ಷಣೆ, ಅದನ್ನು ಉಜ್ಜಿ ತೆಗೆಯಬೇಡಿ.

ಕರಾವಳಿಯ ಉಪ್ಪುಗಾಳಿಯಲ್ಲಿ ತಾಮ್ರದ ನಾಣ್ಯಕ್ಕೆ ಬೇಗ ಹಸಿರು ಕಿಲುಬು ಹಿಡಿಯುತ್ತದೆ. ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಂ ಇನ್ನೂ ಕೆಡಿಸುತ್ತದೆ. ನಾನು ಒಂದೊಂದನ್ನೂ ರಟ್ಟಿನ ಹೋಲ್ಡರಿನಲ್ಲಿಟ್ಟು, ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುತ್ತೇನೆ. ಮಳೆಗಾಲ ಶುರುವಾಗುವ ಮೊದಲು ಪೊಟ್ಟಣ ಬದಲಿಸುತ್ತೇನೆ. ಹಿಡಿಯುವುದು ಯಾವಾಗಲೂ ಅಂಚಿನಲ್ಲೇ.

ಮಣ್ಣಿನಲ್ಲಿ ಸಿಕ್ಕಿದ್ದರ ವಿಷಯ ಬೇರೆ. ನಮ್ಮ ಕಾರವಾರದಲ್ಲೇ, ಕದಂಬರಿಗೂ ಮೊದಲು ಆಳಿದ ಚುಟು ಅರಸರ ಸೀಸದ ನಾಣ್ಯ ಸಿಕ್ಕಿವೆ, ಒಂದು ಬದಿ ಬೆಟ್ಟ, ಇನ್ನೊಂದು ಬದಿ ಬೇಲಿಯೊಳಗಿನ ಮರ. ತೋಟ ಅಗೆಯುವಾಗ ಇಂಥ ಕುಡಿಕೆ ಸಿಕ್ಕಿದರೆ ಮಾರಲು ಹೋಗಬೇಡಿ. ನಿಧಿ ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಲೇಬೇಕು. ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆ ಚೂರು, ಎಲ್ಲದರ ಫೋಟೋ ಅಲ್ಲೇ ತೆಗೆದಿಡಿ.