ಕಲಬುರಗಿ–ಬೀದರ್ ಬಸ್ಸಿನಲ್ಲಿ ಫೋನ್ ಬಂದ್: ನನ್ನ ಅನುಭವ

ಪಂಪ್‌ಸೆಟ್ ಬಿಡಿಭಾಗಗಳ ಆರ್ಡರ್ ಹಿಡಿಯಲು ನಾನು ವಾರಕ್ಕೊಂದೆರಡು ಸಲ ಕಲಬುರಗಿಯಿಂದ ಬೀದರ್‌ಗೆ ಅಪ್-ಡೌನ್ ಮಾಡುತ್ತೇನೆ. ಮೂರು ತಾಸಿನ ದಾರಿ, ಸ್ವಲ್ಪ ಆಚೀಚೆ. ಆ ಮೂರು ತಾಸು ಈಗ ಫೋನ್ ಮುಟ್ಟುವುದಿಲ್ಲ. ಹೆಚ್ಚುಕಮ್ಮಿ ವರ್ಷವಾಯಿತು. "ಫೋನ್ ಬಂದ್ ಮಾಡಿದ್ರ ಧಂಧಾನೂ ಬಂದ್ ಆಗ್ತದ ನೋಡ್ರಿ ಅಣ್ಣಾ" ಅಂದವರೇ ಈಗ ಹ್ಯಾಂಗ್ ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಲೆಕ್ಕ. ಫೋನ್‌ಗೆ ಬೀಗ ಹಾಕುವ ಆ್ಯಪ್‌ಗೆ ಆರುನೂರೋ ಏಳುನೂರೋ ಕಟ್ಟಿದೆ. ಬೀಗ ತೆಗೆಯುವ ಬಟನ್ನೂ ಅದರಲ್ಲೇ ಇತ್ತು. ಮಹಾಗಾಂವ ಕ್ರಾಸ್ ಬರುವುದರೊಳಗೆ ಒತ್ತಿರುತ್ತಿದ್ದೆ. ಆಮೇಲೆ ಸಾವಿರದೈನೂರರ ಕೀಪ್ಯಾಡ್ ಫೋನ್. ಅಂಗಡಿಯವರು ಪಂಪಿನ ಸವೆದ ಬುಷ್‌ನ ಫೋಟೊ ಕಳಿಸುತ್ತಾರೆ, ಪೇಮೆಂಟೂ ಫೋನಿಗೇ ಬರುತ್ತದೆ. ಅದು ಎಷ್ಟು ದಿನ ನಡೆದೀತು? ಫೋನನ್ನು ಬ್ಯಾಗಿಗೆ ಹಾಕಿ ಮೇಲಿಟ್ಟೂ ನೋಡಿದೆ. ಆಗ ತಲೆಯೊಳಗೆ ಬಾಕಿ ವಸೂಲಿ ಶುರುವಾಯಿತು. ಹುಮನಾಬಾದ್ ಬಂದಾಗ ಕಿಟಕಿಯಾಚೆ ಕಂಡದ್ದು ಒಂದೂ ನೆನಪಿಲ್ಲ.

ಫೋನ್ ದೂರ ಇಟ್ಟರೆ ಅರ್ಧ ಕೆಲಸ. ಕಣ್ಣಿಗೆ ಬೇರೆ ಕೆಲಸ ಕೊಡಬೇಕು.

ಈಗ ಹಿಂದಿನ ರಾತ್ರಿಯೇ ಖಾಯಂ ಗಿರಾಕಿಗಳಿಗೆ ಹೇಳಿಬಿಡುತ್ತೇನೆ: ಒಂಬತ್ತರಿಂದ ಹನ್ನೆರಡು ಸಿಗುವುದಿಲ್ಲ, ಅರ್ಜೆಂಟ್ ಇದ್ದರೆ ಗೋಡೌನ್ ಹುಡುಗನಿಗೆ ಮಾಡಿ. ಟಿಕೆಟ್ ದುಡ್ಡು ಚಿಲ್ಲರೆ ಸಮೇತ ಅಂಗಿ ಜೇಬಿನಲ್ಲಿ. ಇದು ಸಣ್ಣದಲ್ಲ. ಟಿಕೆಟ್‌ಗೆ ಸ್ಕ್ಯಾನ್ ಮಾಡಲು ಫೋನ್ ತೆಗೆದರೆ ಮತ್ತೆ ಒಳಗೆ ಹೋಗಲ್ಲ.

ಆಮೇಲೆ ಒಂದು ದಿನಕ್ಕೆ ಒಂದೇ ವಸ್ತು ನೋಡುತ್ತಾ ಹೋಗುವುದು. ಒಂದು ದಿನ ಬರೀ ಬಾವಿ, ಇನ್ನೊಂದು ದಿನ ಬರೀ ತೊಗರಿ. ನನಗೆ ಜಾಸ್ತಿ ಸಿಕ್ಕಿದ್ದು ಚಪ್ಪಲಿಯಲ್ಲಿ. ಮಳೆಗಾಲದಲ್ಲಿ ಕಮಲಾಪುರದ ಈಚೆ ಹತ್ತುವವರ ಚಪ್ಪಲಿಗೆ ಎರೆಮಣ್ಣು ದಪ್ಪಗೆ ಮೆತ್ತಿರುತ್ತದೆ. ಒಣಗಿದಂತೆ ಬೂದಿ ಬಣ್ಣಕ್ಕೆ ತಿರುಗಿ, ಬಸ್ ಕುಲುಕಿದಾಗ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹುಮನಾಬಾದ್ ದಾಟಿದ ಮೇಲೆ ಹತ್ತುವವರ ಕಾಲಿಗೆ ಕೆಂಪು ಮಣ್ಣು. ಬೀದರ್ ದಿನ್ನೆ ಜಂಬಿಟ್ಟಿಗೆಯದು, ಅದು ಎಲ್ಲರಿಗೂ ಗೊತ್ತು. ಆದರೆ ಬಸ್ಸಿನ ನೆಲ ನೋಡಿ ಎಲ್ಲಿಗೆ ಬಂದೆವು ಅಂತ ಹೇಳುವವರು ಎಷ್ಟು ಜನ? ನಾನು ಹೇಳುತ್ತೇನೆ.

ಕಂಡದ್ದನ್ನು ಬಸ್ಸಿನಲ್ಲಿ ಬರೆಯಲು ಹೋಗಬೇಡಿ, ಅಕ್ಷರ ಕೂಡುವುದಿಲ್ಲ. ಇಳಿದು ಚಹಾ ಕುಡಿಯುವಾಗ ನಾಲ್ಕೈದು ಸಾಲು ಸಾಕು.

ರೈಲಿನಲ್ಲೂ ನೋಡಿದೆ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ಮಾರ್ಗದಲ್ಲಿ ಮರಗುತ್ತಿ ಹತ್ತಿರ ಸುರಂಗವಿದೆಯಲ್ಲ, ಒಂದೂವರೆ ಕಿಲೋಮೀಟರಿಗೂ ಉದ್ದ. ಒಳಗೆ ಹೋದಾಗ ಫೋನ್ ಹಿಡಿದವರೆಲ್ಲ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಾತಿಗೆ ಎಳೆಯಲು ಅದೇ ಹೊತ್ತು.

ಬೀದರ್‌ನಲ್ಲಿ ಅಂಗಡಿ ತೆರೆಯುವುದು ತಡವಾದರೆ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಮುಂದೆ ಕೂರುತ್ತೇನೆ. 1472ರ ಕಟ್ಟಡ. ಉಳಿದಿರುವ ಒಂದು ಮಿನಾರಿನ ಮೇಲೆ ಅಂಕುಡೊಂಕು ಸಾಲಿನಲ್ಲಿ ಬಣ್ಣದ ಬಿಲ್ಲೆಗಳಿವೆ. ಎಷ್ಟೋ ಸಲ ಫೋಟೊ ತೆಗೆದಿದ್ದೆ. ಆ ಸಾಲು ಕಣ್ಣಿಗೆ ಬಿದ್ದದ್ದು ಫೋನ್ ಬಿಟ್ಟ ಮೇಲೆ.

ಧಂಧಾ? ಒಮ್ಮೆ ಹುಮನಾಬಾದ್‌ನಲ್ಲಿ ಹತ್ತಿದ ಇಬ್ಬರು ರೈತರು ಮೋಟರ್ ಪದೇ ಪದೇ ಸುಡುತ್ತಿದೆ ಅಂತ ಮಾತಾಡುತ್ತಿದ್ದರು. ಕಿವಿ ಖಾಲಿ ಇತ್ತು, ಕೇಳಿಸಿತು. ಅವರ ಊರಿನ ಅಂಗಡಿಯಿಂದ ಎಂಟೊಂಬತ್ತು ಸಾವಿರದ ಆರ್ಡರ್ ಬಂತು, ಇವತ್ತಿಗೂ ಬರುತ್ತಿದೆ.

ಸಂಜೆ ವಾಪಸ್ ಬರುವಾಗ ದಣಿದಿರುತ್ತೇವೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ. ಇಲ್ಲಿ ಬರೆಯುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ ಹೇಳುತ್ತೇನೆ. ಯಾದಗಿರಿ ರೈಲಿನಲ್ಲಿ ಮಾತ್ರ ಇನ್ನೂ ಕೂಡಿಬಂದಿಲ್ಲ. ದಾರಿ ಕಡಿಮೆ, ನಿಂತೇ ಹೋಗಬೇಕು, ವಾಡಿ ಜಂಕ್ಷನ್‌ನಲ್ಲಿ ಗದ್ದಲ. ಆ ಕಡೆ ದಿನಾ ಅಪ್-ಡೌನ್ ಮಾಡುವವರು ಏನಾದರೂ ಮಾಡಿ ನೋಡಿದ್ದರೆ ತಿಳಿಸಿ.