ನಾಲ್ವರು ಹೊರಟೆವು, ಪಾಸ್ ತಗೊಂಡಿದ್ದು ಒಬ್ಬನೇ: ಪ್ಯಾರಿಸ್ ಮ್ಯೂಸಿಯಂ ಪಾಸ್ ಲೆಕ್ಕ

"ಅಕ್ಕಾ, ಮ್ಯೂಸಿಯಂ ಪಾಸ್ ನಾಲ್ಕು ತಗೊಂಡುಬಿಡ್ಲಾ? ಎಲ್ಲಾ ಒಂದೇ ಸಲಕ್ಕೆ ಮುಗಿಯತ್ತೆ." ತಮ್ಮನ ಮೆಸೇಜ್ ಬಂದಾಗ ರಾತ್ರಿ ಹನ್ನೊಂದು ಗಂಟೆ. ಸ್ವಲ್ಪ ತಡಿ ಅಂದೆ. ಆ 'ಸ್ವಲ್ಪ' ಮೂರು ದಿನ ಆಯಿತು. ಅಷ್ಟರಲ್ಲಿ ಒಂದು ನೋಟ್‌ಬುಕ್ಕಿನ ಆರು ಪುಟ ತುಂಬಿತ್ತು.

ನಾವು ಹೊರಟಿದ್ದು 2024ರ ಅಕ್ಟೋಬರ್ ಕೊನೆಗೆ. ನಾನು, ಅಮ್ಮ, ಹದಿನಾರು ತುಂಬಿದ ಮಗಳು, ತಮ್ಮ. ಬುಧವಾರ ಸಂಜೆ ಪ್ಯಾರಿಸ್‌ನಲ್ಲಿ ಇಳಿದು, ಮುಂದಿನ ಮಂಗಳವಾರ ಬೆಳಿಗ್ಗೆ ವಾಪಸ್ಸು. ನಡುವೆ ಕೈಗೆ ಸಿಗುವುದು ಗುರುವಾರದಿಂದ ಸೋಮವಾರದವರೆಗೆ, ಐದು ದಿನ.

ಪ್ಯಾರಿಸ್ ಮ್ಯೂಸಿಯಂ ಪಾಸ್ ಮೂರು ಬಗೆಯದು: 48 ಗಂಟೆ, 96 ಗಂಟೆ, 144 ಗಂಟೆ. ಆಗಿನ ಬೆಲೆ ಕ್ರಮವಾಗಿ 62, 77, 92 ಯೂರೋ. ಪ್ಯಾರಿಸ್ ಮತ್ತು ಸುತ್ತಮುತ್ತಲಿನ 50ಕ್ಕೂ ಹೆಚ್ಚು ಮ್ಯೂಸಿಯಂ, ಸ್ಮಾರಕಗಳಿಗೆ ತಲಾ ಒಂದು ಸಲ ಪ್ರವೇಶ. ಬೆಲೆ ಇಟ್ಟಿರುವ ಜಾಣತನ ನೋಡಿ: ಮೊದಲ ಎರಡು ದಿನಕ್ಕೆ 62, ಆಮೇಲಿನ ಎರಡು ದಿನಕ್ಕೆ ಬರೀ 15. ಇದನ್ನು ನೋಡಿದ ಯಾರಿಗಾದರೂ "ಇನ್ನು ಹದಿನೈದೇ ತಾನೆ" ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಹೆಚ್ಚಿನವರು ಪ್ಯಾರಿಸ್ ಅಂದಾಗ ಮೊದಲು ಹೆಸರಿಸುವ ಐಫೆಲ್ ಟವರ್ ಇದರಲ್ಲಿ ಇಲ್ಲ. ಮೂಳೆಗಳನ್ನು ಜೋಡಿಸಿಟ್ಟ ನೆಲದಡಿಯ ಸುರಂಗ ಕ್ಯಾಟಕೂಂಬ್ ಇಲ್ಲ, ರಂಗಮಂದಿರ ಒಪೆರಾ ಗಾರ್ನಿಯೆ ಇಲ್ಲ, ಮೆಟ್ರೋ ಪ್ರಯಾಣವೂ ಇಲ್ಲ.

ಮೊದಲ ಪುಟದ ಲೆಕ್ಕ ಎಲ್ಲರೂ ಹಾಕುವಂಥದ್ದೇ. ಲೂವ್ರ್ ಮ್ಯೂಸಿಯಂ 22, ಓರ್ಸೆ ಮ್ಯೂಸಿಯಂ 16, ಒರಾಂಜರಿ ಮ್ಯೂಸಿಯಂ 12.50, ಬಣ್ಣದ ಗಾಜಿನ ಚರ್ಚ್ ಸೇಂಟ್ ಶಪೆಲ್ 13, ವರ್ಸೈ ಅರಮನೆ 21, ವಿಜಯದ ಕಮಾನು ಆರ್ಕ್ ದ ತ್ರಿಯಾಂಫ್ 16, ಶಿಲ್ಪಿ ರೊದಾಂ ಮ್ಯೂಸಿಯಂ 14. ಒಟ್ಟು 114.50. ಪಾಸ್ 77. ಒಬ್ಬೊಬ್ಬರಿಗೆ 37.50 ಉಳಿತಾಯ, ನಾಲ್ವರಿಗೆ 150. ತಮ್ಮ ಹೇಳಿದ್ದೇ ಸರಿ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದು ಅದೇ ಪುಟ ನೋಡಿದರೆ ಒಂದು ಪ್ರಶ್ನೆ ಎದ್ದಿತು. ರೊದಾಂ ನನ್ನ ಪಟ್ಟಿಗೆ ಬಂದಿದ್ದು ಹೇಗೆ? ಶಿಲ್ಪಗಳ ಮೇಲೆ ನನಗೆ ಅಂಥ ಮೋಹವೇನೂ ಇಲ್ಲ. ಪಾಸ್‌ನಲ್ಲಿರುವ ಜಾಗಗಳ ಪಟ್ಟಿ ಓದುತ್ತಾ ಓದುತ್ತಾ ಬರೆದುಕೊಂಡಿದ್ದೆ, ಅಷ್ಟೆ. ಅಂದರೆ ಪಾಸನ್ನು ಸಮರ್ಥಿಸುವ ಪಟ್ಟಿಯನ್ನು ಪಾಸೇ ನನ್ನ ಕೈಯಲ್ಲಿ ಬರೆಸಿತ್ತು. ಆ ಪುಟ ಹರಿದುಹಾಕಿ ಹೊಸದಾಗಿ ಮೂರು ಕಾಲಂ ಹಾಕಿದೆ. ಒಂದು, ಪಾಸ್ ಅನ್ನೋದು ಇಲ್ಲದೇ ಇದ್ದಿದ್ದರೂ ಕೈಯಿಂದ ದುಡ್ಡು ಕೊಟ್ಟು ಹೋಗುತ್ತಿದ್ದ ಜಾಗ. ಎರಡು, ಪುಕ್ಕಟೆಯಾದರೆ, ದಾರಿಯಲ್ಲಿ ಸಿಕ್ಕರೆ, ಕಾಲಲ್ಲಿ ಶಕ್ತಿ ಉಳಿದಿದ್ದರೆ ಹೊಕ್ಕು ಬರುವ ಜಾಗ. ಮೂರು, ಬೇಡ. ಪಾಸಿನ ಬೆಲೆಯ ಎದುರು ನಿಲ್ಲಿಸಬೇಕಾದದ್ದು ಮೊದಲ ಕಾಲಂನ ಮೊತ್ತ ಮಾತ್ರ. ರೊದಾಂ ಎರಡನೆಯದಕ್ಕೆ ಹೋಯಿತು. ಉಳಿದಿದ್ದು 100.50. ಆಗಲೂ ಪಾಸೇ ಗೆಲ್ಲುತ್ತಿತ್ತು.

ಆಮೇಲೆ ಕ್ಯಾಲೆಂಡರ್ ತೆರೆದೆ. ನಿಜವಾದ ಲೆಕ್ಕ ಶುರುವಾಗಿದ್ದು ಅಲ್ಲಿಂದ. ಓರ್ಸೆ, ವರ್ಸೈ, ರೊದಾಂ ಸೋಮವಾರ ಮುಚ್ಚಿರುತ್ತವೆ. ಲೂವ್ರ್, ಒರಾಂಜರಿ ಮಂಗಳವಾರ ಮುಚ್ಚಿರುತ್ತವೆ. ಈ ಸೋಮವಾರ-ಮಂಗಳವಾರದ ಗಂಟು ಪ್ಯಾರಿಸ್‌ಗೆ ಹೋಗುವ ಎಲ್ಲರಿಗೂ ಎಡತಾಕುತ್ತದೆ. ಪಾಸ್ ಮಾತ್ರ ಇದ್ಯಾವುದನ್ನೂ ಕೇಳುವುದಿಲ್ಲ, ಒಂದು ಸಲ ಶುರುವಾಯಿತೆಂದರೆ ಗಂಟೆಗಳು ಸತತವಾಗಿ ಓಡುತ್ತವೆ. ನಡುವೆ ಒಂದು ದಿನ ಸುಮ್ಮನೆ ಕೂತರೆ ಅದೂ ಪಾಸ್‌ನಲ್ಲೇ ಕಳೆಯುತ್ತದೆ.

ಇನ್ನೊಂದು ಸಂಗತಿಯಂತೂ ಇಡೀ ಲೆಕ್ಕವನ್ನೇ ತಲೆಕೆಳಗು ಮಾಡಿತು. ನಾವಿರುವ ಭಾನುವಾರ ನವೆಂಬರ್ 3, ತಿಂಗಳ ಮೊದಲ ಭಾನುವಾರ. ಓರ್ಸೆ, ಒರಾಂಜರಿ ವರ್ಷವಿಡೀ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಆರ್ಕ್ ದ ತ್ರಿಯಾಂಫ್, ಸೇಂಟ್ ಶಪೆಲ್, ವರ್ಸೈ ಬೇಸಿಗೆಯಲ್ಲಿ ಹಾಗಲ್ಲ, ಆದರೆ ಜನ ಕಡಿಮೆಯಿರುವ ಚಳಿಗಾಲದ ತಿಂಗಳುಗಳಲ್ಲಿ ಅವೂ ಆ ಭಾನುವಾರ ಉಚಿತ. ನವೆಂಬರ್ ಅದರೊಳಗೇ ಬರುತ್ತದೆ. ಹಾಗಂತ ಒಂದೇ ದಿನದಲ್ಲಿ ಐದೂ ಜಾಗ ನೋಡಲಾಗದು. ಉಚಿತ ದಿನ ಊರಿಗೆ ಊರೇ ಬರುತ್ತದೆ ಅಂತ ಅಂದಾಜಿಟ್ಟುಕೊಂಡು ಎರಡನ್ನೇ ಭಾನುವಾರಕ್ಕೆ ಇಟ್ಟೆ, ಬೆಳಿಗ್ಗೆ ಓರ್ಸೆ, ಸಂಜೆ ಆರ್ಕ್. ಮೊದಲ ಕಾಲಂನಿಂದ 32 ಯೂರೋ ಇಳಿಯಿತು. ಉಳಿದಿದ್ದು ಲೂವ್ರ್, ಸೇಂಟ್ ಶಪೆಲ್, ವರ್ಸೈ, ಒರಾಂಜರಿ. ಒಟ್ಟು 68.50.

ಹಾಗಾದರೆ 48 ಗಂಟೆಯ 62 ಯೂರೋ ಪಾಸ್ ತಗೊಂಡು ಆರೂವರೆ ಯೂರೋ ಉಳಿಸಬಹುದಿತ್ತಲ್ಲ? ಕಾಗದದ ಮೇಲೆ ಆಗುತ್ತದೆ. ಗುರುವಾರ ಹತ್ತೂವರೆಗೆ ಲೂವ್ರ್‌ನಲ್ಲಿ ಶುರುಮಾಡಿದರೆ, ಶುಕ್ರವಾರ ಪೂರ್ತಿ ವರ್ಸೈ, ಶನಿವಾರ ಹತ್ತೂವರೆಯೊಳಗೆ ಒರಾಂಜರಿ ಬಾಗಿಲಲ್ಲಿ ಹಾಜರಿರಬೇಕು. ವರ್ಸೈ ಸುತ್ತಿ ಬಂದ ಮರುದಿನ ಬೆಳಿಗ್ಗೆ ಅಮ್ಮನನ್ನು ಅವಸರಪಡಿಸುವ ಬೆಲೆ ಆರೂವರೆ ಯೂರೋಗಿಂತ ಜಾಸ್ತಿ.

ಅಮ್ಮನ ಲೆಕ್ಕವನ್ನು ಬೇರೆಯೇ ಹಾಕಿದೆ. ಎಪ್ಪತ್ತು ದಾಟಿದವಳು, ಮಂಡಿ ನೋವು. ದಿನಕ್ಕೆ ಒಂದು ದೊಡ್ಡ ಜಾಗ, ಆಮೇಲೆ ಎಲ್ಲಾದರೂ ಬೆಂಚು. ಅವಳನ್ನೇ ಕೂರಿಸಿಕೊಂಡು ಕೇಳಿದೆ. "ನಂಗೆ ಆ ಅರಮನೆ ನೋಡ್ಬೇಕು, ಬಣ್ಣದ ಗಾಜಿನ ಚರ್ಚ್ ನೋಡ್ಬೇಕು, ಮೊನಾಲಿಸಾ ಒಂದ್ಸಲ ನೋಡಿಬಿಟ್ರೆ ಸಾಕು. ಉಳಿದಿದ್ದೆಲ್ಲ ನಿಮ್ಮಿಷ್ಟ" ಅಂದಳು. 21, 13, 22, ಒಟ್ಟು 56. ಅತಿ ಚಿಕ್ಕ ಪಾಸಿಗಿಂತಲೂ ಕಡಿಮೆ.

ಮಗಳದು ಸೊನ್ನೆ. ಲೂವ್ರ್, ಓರ್ಸೆ, ಒರಾಂಜರಿ, ವರ್ಸೈ, ಸೇಂಟ್ ಶಪೆಲ್, ಆರ್ಕ್, ಎಲ್ಲ ಕಡೆಯೂ 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಯಾವ ದೇಶದವರಾದರೂ ಸರಿ. ಪಾಸ್‌ಪೋರ್ಟ್ ತೋರಿಸಿದರಾಯಿತು. ತಮ್ಮ ಹೇಳಿದಂತೆ ನಾಲ್ಕು ಪಾಸ್ ಕೊಂಡಿದ್ದರೆ ಅವಳ ಹೆಸರಿನ 77 ಯೂರೋ ನೇರವಾಗಿ ಸೇನ್ ನದಿಗೆ ಎಸೆದ ಹಾಗೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಉಳಿದ ಯಾವ ಲೆಕ್ಕಕ್ಕೂ ಮುಂಚೆ ನೋಡಬೇಕಾದದ್ದು ಇದನ್ನೇ. 'ಕುಟುಂಬಕ್ಕೆ ಪಾಸ್ ಲಾಭವೇ' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಒಬ್ಬೊಬ್ಬರ ಹೆಸರು ಬರೆದು ಕೇಳಬೇಕು.

ಇಷ್ಟರಲ್ಲಿ ನಾನು ಮಾಡುತ್ತಿದ್ದ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಪಾಸ್ ಇದ್ದರೆ ನೇರ ಒಳಗೆ ಅಂದುಕೊಂಡಿದ್ದೆ. ಹಾಗಲ್ಲ. ಲೂವ್ರ್, ವರ್ಸೈ, ಸೇಂಟ್ ಶಪೆಲ್‌ಗಳಿಗೆ ಪಾಸ್ ಇದ್ದವರೂ ಮೊದಲೇ ಆನ್‌ಲೈನ್‌ನಲ್ಲಿ ದಿನ, ಸಮಯ ಕಾದಿರಿಸಬೇಕು. ಅದಕ್ಕೆ ಬೇರೆ ದುಡ್ಡಿಲ್ಲ, ಆದರೆ ಸ್ಲಾಟ್ ಖಾಲಿ ಇರಬೇಕು. ಆದ್ದರಿಂದ ಮೊದಲು ಬೇಕಾದ ದಿನ ಸ್ಲಾಟ್ ಇದೆಯೇ ನೋಡಿ, ಆಮೇಲೆ ಪಾಸಿನ ಮಾತು. ಇನ್ನು ಪಾಸ್ ತಪ್ಪಿಸುವುದು ಟಿಕೆಟ್ ಕೌಂಟರಿನ ಸಾಲನ್ನು ಮಾತ್ರ, ಭದ್ರತಾ ತಪಾಸಣೆಯ ಸಾಲನ್ನಲ್ಲ. ಸೇಂಟ್ ಶಪೆಲ್ ಇರುವುದು ನ್ಯಾಯಾಲಯದ ಆವರಣದೊಳಗೆ, ಅಲ್ಲಿ ಪ್ರತಿ ಚೀಲವೂ ಸ್ಕ್ಯಾನರ್ ದಾಟಲೇಬೇಕು. ಅಷ್ಟಕ್ಕೂ ಆನ್‌ಲೈನ್‌ನಲ್ಲಿ ಸಮಯದ ಟಿಕೆಟ್ ಕೊಂಡವರಿಗೂ ಕೌಂಟರ್ ಸಾಲು ಇರುವುದಿಲ್ಲ. 'ಸಾಲು ತಪ್ಪುತ್ತೆ' ಅನ್ನುವ ಕಾರಣವನ್ನು ನಾನು ಪಟ್ಟಿಯಿಂದ ಹೊಡೆದುಹಾಕಿದೆ.

ಹಡಗು ಸವಾರಿ, ಹತ್ತಿ-ಇಳಿಯುವ ಟೂರಿಸ್ಟ್ ಬಸ್ಸು, ರುಚಿ ನೋಡುವ ಕಾರ್ಯಕ್ರಮ ಎಲ್ಲ ಸೇರಿಸಿ ಮಾರುವ ದೊಡ್ಡ ಪಾಸ್‌ಗಳನ್ನೂ ನೋಡಿದೆ. ಅವುಗಳ 'ಒಟ್ಟು ಮೌಲ್ಯ'ದ ಬಹುಪಾಲು ನನ್ನ ಮೂರನೇ ಕಾಲಂನಲ್ಲಿತ್ತು. ಹತ್ತು ನಿಮಿಷದಲ್ಲಿ ಆ ಪುಟ ಮುಗಿಯಿತು.

ಉಳಿದವನು ತಮ್ಮ. ಅವನ ಜಾತಿಯೇ ಬೇರೆ. ಎಲ್ಲಿ ಕಮಾನು ಕಂಡರೂ ಕೆಳಗೆ ನಿಂತು ಕತ್ತು ಮೇಲೆತ್ತುವವನು, ದಿನಕ್ಕೆ ಮೂರು ಜಾಗ ಹೊಕ್ಕು ಬಂದರೂ ಸುಸ್ತಾಗದವನು. ನಾವು ನೋಡುವ ನಾಲ್ಕರ ಜೊತೆಗೆ ಅವನಿಗೆ ಒಂದು ಕಾಲದ ಸೆರೆಮನೆ ಕಾನ್ಸಿಯರ್ಜರಿ, ಮಧ್ಯಯುಗದ ಕಲೆಯ ಕ್ಲೂನಿ ಮ್ಯೂಸಿಯಂ, ರೊದಾಂ, ದೊಡ್ಡ ಗುಮ್ಮಟದ ಸ್ಮಾರಕ ಪ್ಯಾಂಥಿಯಾನ್ ಬೇಕಿತ್ತು. ಅವನ ಲೆಕ್ಕವನ್ನೂ ಬಿಗಿಯಾಗಿಯೇ ಹಾಕಿದೆ. ಕಾನ್ಸಿಯರ್ಜರಿ, ಸೇಂಟ್ ಶಪೆಲ್ ಪಕ್ಕಪಕ್ಕದಲ್ಲಿವೆ, ಎರಡಕ್ಕೂ ಸೇರಿದ ರಿಯಾಯಿತಿ ಟಿಕೆಟ್ ಸಿಗುತ್ತದೆ. ಬಿಡಿ ಟಿಕೆಟ್ ಬೆಲೆ ಕೂಡಿಸಿದರೆ ಪಾಸಿನ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವನ 96 ಗಂಟೆಯ ನಡುವೆ ಹೇಗೂ ಹೆಚ್ಚಿನ ಕಡೆ ಉಚಿತವಾದ ಆ ಭಾನುವಾರ ಬಂದು ಕೂತಿತ್ತು, ಆ ದಿನದ ಪಾಸ್ ದಂಡ. ಅಷ್ಟೆಲ್ಲ ಕಳೆದರೂ ಅವನ ಮೊತ್ತ 77ನ್ನು ಆರಾಮಾಗಿ ದಾಟಿತು. "ನೀನೊಬ್ಬನೇ ತಗೋ" ಅಂದೆ. "ಇಷ್ಟಕ್ಕೆ ಮೂರು ದಿನ ಬೇಕಿತ್ತಾ?" ಅಂದ.

ಗುರುವಾರ ಹತ್ತೂವರೆಗೆ ಲೂವ್ರ್ ಬಾಗಿಲಲ್ಲಿ ಅವನ ಪಾಸ್ ಮೊದಲ ಸಲ ಸ್ಕ್ಯಾನ್ ಆಯಿತು. ಸೋಮವಾರ ಹತ್ತೂವರೆಗೆ ಮುಗಿಯುತ್ತದೆ ಅಂತ ಆಗಲೇ ಫೋನಿನಲ್ಲಿ ಅಲಾರಂ ಇಟ್ಟುಕೊಂಡ. ಅಮ್ಮ ಮೊನಾಲಿಸಾ ನೋಡಿ "ಇಷ್ಟೇ ಇಷ್ಟಾ!" ಅಂದಳು, ಆಮೇಲೆ ಎದುರು ಗೋಡೆಯ ತುಂಬ ಇರುವ ಕಾನಾ ಮದುವೆಯ ಚಿತ್ರದ ಮುಂದೆ ತುಂಬ ಹೊತ್ತು ನಿಂತಳು. ಮಧ್ಯಾಹ್ನ ಮೂರಕ್ಕೆ ಸೇಂಟ್ ಶಪೆಲ್. ಗಾಜಿನ ಕಿಟಕಿಗಳಲ್ಲಿ ಬೈಬಲ್ಲಿನ 1113 ದೃಶ್ಯಗಳಿವೆ. ಮೋಡ ಸರಿದು ಬಿಸಿಲು ಬಿದ್ದಾಗ ನೆಲದ ಮೇಲೆಲ್ಲ ಬಣ್ಣ ಚೆಲ್ಲಿತು. ಅಮ್ಮ ಗೋಡೆ ಬದಿಯ ಕುರ್ಚಿಯಿಂದ ಏಳಲೇ ಇಲ್ಲ.

ಅವಳನ್ನೂ ಮಗಳನ್ನೂ ರೂಮಿಗೆ ಬಿಟ್ಟು ಬಂದ ಮೇಲೆ ತಮ್ಮ ಕ್ಲೂನಿಗೆ ಹೊರಟ. "ನೀನೂ ಬಾ ಅಕ್ಕ, ಇಪ್ಪತ್ತು ನಿಮಿಷ." ಕ್ಲೂನಿ ನನ್ನ ಎರಡನೇ ಕಾಲಂನಲ್ಲಿತ್ತು. 12 ಯೂರೋ ಕೊಟ್ಟು ಟಿಕೆಟ್ ತಗೊಂಡೆ. ಒಳಗೆ ಒಂದು ಕತ್ತಲೆ ಕೋಣೆ, ಸುತ್ತಲೂ ಕೆಂಪು ಹಿನ್ನೆಲೆಯ ಆರು ದೊಡ್ಡ ನೇಯ್ಗೆಯ ಪರದೆಗಳು, 'ಲೇಡಿ ಆ್ಯಂಡ್ ದ ಯೂನಿಕಾರ್ನ್'. 1500ರ ಆಸುಪಾಸಿನವು. ಐದರಲ್ಲಿ ಪಂಚೇಂದ್ರಿಯಗಳು, ಆರನೆಯದರ ಅರ್ಥದ ಬಗ್ಗೆ ಇಂದಿಗೂ ವಾದ. ತಮ್ಮ ಅವನ್ನು ನೋಡಿದ, ಹೊರಟೇಬಿಟ್ಟ. ಉಳಿದ ಕೋಣೆಗಳ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮಾತ್ರ ಹನ್ನೆರಡು ಯೂರೋ ಕೊಟ್ಟಿದ್ದೇನಲ್ಲ ಅಂತ, ಕಾಲು ನೋಯುತ್ತಿದ್ದರೂ ಮುರಿದ ಕಲ್ಲಿನ ತಲೆಗಳು, ದಂತದ ಪೆಟ್ಟಿಗೆಗಳು ಎಲ್ಲದರ ಮುಂದೆಯೂ ನಿಂತು ನಿಂತು ಬಂದೆ. ಹೊರಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತು ನಗುತ್ತಿದ್ದ.

ಇದು ನನ್ನ ಆರು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಪಾಸ್ ಇದ್ದರೆ ಜನ ಒಂದು ಜಾಗದಿಂದ ಇನ್ನೊಂದಕ್ಕೆ ಓಡುತ್ತಾರೆ ಅಂತ ಕೇಳಿದ್ದೆ, ಮರುದಿನ ಶುಕ್ರವಾರ ಸಂಜೆ ವರ್ಸೈನಿಂದ ಬಂದ ಮೇಲೆ ಇನ್ನೂ ಎಲ್ಲಿಗಾದರೂ ಹೋಗೋಣ ಅಂತ ಅವನು ಚಡಪಡಿಸಿದ್ದನ್ನು ಕಂಡೆ ಕೂಡ. ಆದರೆ ಅರ್ಧಕ್ಕೆ ಎದ್ದು ಬರುವ ಸ್ವಾತಂತ್ರ್ಯವನ್ನೂ ಅದು ಕೊಡುತ್ತದೆ ಅಂತ ಹೊಳೆದಿರಲಿಲ್ಲ. ಅದಕ್ಕೆ ಎಷ್ಟು ಯೂರೋ ಬರೆಯಬೇಕೋ ಗೊತ್ತಿಲ್ಲ. ಆ ರಾತ್ರಿ ಕೂಡಿಸಿ ನೋಡಿದರೆ 68.50ಕ್ಕೆ 12 ಸೇರಿ ನನ್ನ ಖರ್ಚು 80.50 ಆಗುತ್ತಿತ್ತು. ಪಾಸಿಗಿಂತ ಮೂರೂವರೆ ಯೂರೋ ಹೆಚ್ಚು. ತಮ್ಮನಿಗೆ ಹೇಳಲಿಲ್ಲ. ಈಗ ಓದಿ ತಿಳಿದುಕೊಳ್ಳಲಿ.

ಇವೆಲ್ಲ 2024ರ ಬೆಲೆಗಳು. 2026ರ ಜನವರಿಯಿಂದ ಲೂವ್ರ್ ಯುರೋಪಿನ ಆರ್ಥಿಕ ವಲಯದ ಹೊರಗಿನಿಂದ ಬರುವವರಿಗೆ 32 ಯೂರೋ ಮಾಡಿದೆ. ನಮ್ಮಂಥವರಿಗೆ ಆ ಒಂದು ಸಾಲಿನಲ್ಲೇ ಹತ್ತು ಯೂರೋ ಏರಿತು. ಪಾಂಪಿದು ಕೇಂದ್ರ ಇಷ್ಟವಿದ್ದವರು ಅದು 2025ರಿಂದ ದುರಸ್ತಿಗಾಗಿ ಮುಚ್ಚಿದೆ ಅನ್ನುವುದನ್ನೂ ನೋಡಿಕೊಳ್ಳಬೇಕು. ಹೋಗುವ ವಾರದ ಬೆಲೆ ಹಾಕಿ ಹೊಸದಾಗಿ ಕೂಡಿಸಿ, ನನ್ನ ಮೊತ್ತ ನಿಮಗೆ ಕೆಲಸಕ್ಕೆ ಬರುವುದಿಲ್ಲ.

ಭಾನುವಾರ ಓರ್ಸೆಯಲ್ಲಿ ಅಂದುಕೊಂಡ ಹಾಗೆ ಜಾತ್ರೆಯ ಜನ. ವಾನ್‌ಗಾಗ್ ಚಿತ್ರಗಳನ್ನು ಭುಜಗಳ ಸಂದಿಯಿಂದ ನೋಡಿದೆವು. ಸಂಜೆ ಮಗಳೂ ನಾನೂ ಆರ್ಕ್‌ನ 284 ಮೆಟ್ಟಿಲು ಹತ್ತಿದೆವು, ಅಮ್ಮ ಕೆಳಗೆ ತಮ್ಮನ ಜೊತೆ ಕೂತಿದ್ದಳು. ಅವನ ಪಾಸ್ ಆ ದಿನವಿಡೀ ಜೇಬಿನಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಪ್ಯಾಂಥಿಯಾನ್, ಪಾಸ್ ಹತ್ತೂವರೆಗೆ ಮುಗಿಯುತ್ತದೆ. ಹತ್ತಕ್ಕೆ ಐದು ನಿಮಿಷವಿರುವಾಗಲೇ ಅವನು ಬಾಗಿಲಲ್ಲಿದ್ದ. 1851ರಲ್ಲಿ ಫೂಕೋ ಭೂಮಿ ತಿರುಗುವುದನ್ನು ಲೋಲಕ ತೂಗಿಬಿಟ್ಟು ತೋರಿಸಿದ್ದು ಅದೇ ಗುಮ್ಮಟದ ಕೆಳಗೆ. ನಾನು ಒಳಗೆ ಹೋಗಲಿಲ್ಲ. ಹತ್ತಿರದ ಲಕ್ಸಂಬರ್ಗ್ ಉದ್ಯಾನಕ್ಕೆ ಟಿಕೆಟ್ ಇಲ್ಲ. ಅಲ್ಲಿ ಹಸಿರು ಬಣ್ಣದ ಕಬ್ಬಿಣದ ಕುರ್ಚಿ ಎಳೆದುಕೊಂಡು ಅಮ್ಮ, ಮಗಳು, ನಾನು ಬಿಸಿಲಿಗೆ ಕೂತಿದ್ದೆವು. ಹತ್ತೂವರೆಗೆ ಫೋನಿಗೆ ಒಂದು ಫೋಟೋ ಬಂತು, ಲೋಲಕದ ಹಿತ್ತಾಳೆ ಗುಂಡು. ಕೆಳಗೆ "ಅಲಾರಂ ಹೊಡೀತು" ಅಂತ ಬರೆದಿದ್ದ.